ಕೆಲಸ ಸಿಕ್ಕಿತು, ಅಕ್ಕನಿಗೆ ದೊಡ್ಡ ಥ್ಯಾಂಕ್ಸ್

ಹೌದು, ಕೋಡಿಂಗ್ ಕೆಲಸ ಸಿಕ್ಕಿದೆ. ಸೋಮವಾರ ಸೇರುತ್ತಿದ್ದೇನೆ. ಎಲ್ಲೆಲ್ಲಿ ಅಲೆದೆ ಅನ್ನುವ ಪುರಾಣ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬೇಡ.

ಮನೆಯವರಿಗೆ, ಇಂಟರ್‌ವ್ಯೂ ಪ್ರಾಕ್ಟೀಸ್ ಅಂತ ಬೆವರಿಳಿಸಿದ ಗೆಳೆಯರಿಗೆ, ದುಡ್ಡು ಕೇಳದೆ ಆನ್‌ಲೈನ್‌ನಲ್ಲಿ ಕೋಡಿಂಗ್ ಪಾಠ ಹೇಳಿದ ಸಿಎಸ್50, ಫ್ರೀಕೋಡ್‌ಕ್ಯಾಂಪ್‌ಗೆ ಥ್ಯಾಂಕ್ಸ್. ಉಳಿದದ್ದೆಲ್ಲ ಒಬ್ಬರ ಪಾಲು.

ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಹೆಸರು ಹಾಕಬೇಡ ಅಂದಿದ್ದಾರೆ. ಅವರು ನೋಡಿಕೊಳ್ಳುವ ಪುಟ್ಟ ಓಪನ್ ಸೋರ್ಸ್ ಟೂಲ್‌ಗೆ (ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ) ನಾನೊಂದು ಪುಲ್ ರಿಕ್ವೆಸ್ಟ್, ಅಂದರೆ ನಾನು ಬರೆದ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಕಳಿಸಿದ್ದೆ. ಪರಿಚಯ ಅಂದರೆ ಅಷ್ಟೇ. ಸಾಲು ಸಾಲಿಗೂ ಕಾಮೆಂಟ್ ಬರೆದರು. ನನ್ನ ಕೋಡನ್ನು ಯಾರಾದರೂ ಪೂರ್ತಿ ಓದಿದ್ದು ಅದೇ ಮೊದಲು.

ಆ ರಾತ್ರಿಯ ವಿಷಯ ಹೇಳಲೇಬೇಕು. ಕಂಪನಿ ಕೊಟ್ಟ ಟಾಸ್ಕ್, ಸೀಟು ಬುಕ್ ಮಾಡುವ ಚಿಕ್ಕ ಆ್ಯಪ್, ಬೆಳಿಗ್ಗೆಯೊಳಗೆ ಕೊಡಬೇಕಿತ್ತು. ಸಂಜೆ ಇನ್ನೊಂದು ಕಡೆಯಿಂದ ‘ಅನುಭವ ಸಾಲದು’ ಅಂತ ಮೇಲ್. ಫ್ರೆಶರ್ ಬೇಕು ಅಂತ ಹಾಕಿ 2 ವರ್ಷದ ಅನುಭವ ಕೇಳಿದರೆ ಎಲ್ಲಿಂದ ತರೋಣ? ಲ್ಯಾಪ್‌ಟಾಪ್ ಮುಚ್ಚಿ ಅತ್ತೆ. ‘ನನ್ನ ಕೈಲಿ ಆಗಲ್ಲ ಅಕ್ಕ’ ಅಂತ ಮೆಸೇಜ್ ಹಾಕಿದೆ. ತಕ್ಷಣ ಕಾಲ್ ಮಾಡಿದರು. ಸಮಾಧಾನ ಏನೂ ಹೇಳಲಿಲ್ಲ. ‘ಸ್ಕ್ರೀನ್ ಶೇರ್ ಮಾಡು’ ಅಂದರು.

ಕೋಡ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಒಂದೇ ಸೀಟಿಗೆ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ?’

ನನ್ನ ಕೋಡ್ ಮೊದಲು ಸೀಟು ಖಾಲಿ ಇದೆಯಾ ನೋಡಿ, ಆಮೇಲೆ ಡೇಟಾಬೇಸ್‌ಗೆ ಬರೆಯುತ್ತಿತ್ತು. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬರು ನುಸುಳಬಹುದು. ಉತ್ತರ ಮಾತ್ರ ಅಕ್ಕ ಹೇಳಲಿಲ್ಲ. ಮ್ಯೂಟ್ ಮಾಡಿಕೊಂಡು, ಕಾಲ್ ಕಟ್ ಮಾಡದೆ ಕೂತರು. ತಡಕಾಡಿ ತಡಕಾಡಿ, ಕೊನೆಗೆ ಶೋ ಮತ್ತು ಸೀಟ್ ನಂಬರ್ ಎರಡನ್ನೂ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿದೆ, ಅಂದರೆ ಒಂದೇ ಶೋನ ಒಂದೇ ಸೀಟು ಎರಡು ಸಲ ದಾಖಲಾಗಬಾರದು ಅನ್ನುವ ನಿಯಮ. ಎರಡನೆಯವರನ್ನು ಡೇಟಾಬೇಸೇ ತಡೆಯಿತು. ‘ಹ್ಞಾಂ, ಯಾಕೆ ಹೀಗೆ ಮಾಡಿದೆ ಅಂತ ರೀಡ್‌ಮಿಯಲ್ಲಿ ಬರಿ’ ಅಂದರು. ರೀಡ್‌ಮಿ ಅಂದರೆ ಕೋಡ್ ಜೊತೆ ಇಡುವ ವಿವರಣೆಯ ಫೈಲ್. ಅಷ್ಟರಲ್ಲಿ ಬೆಳಕು ಹರಿದಿತ್ತು. ಅವರಿಗೂ ಅವತ್ತು ಆಫೀಸ್ ಇತ್ತು ಅಲ್ವಾ?

ಇಂಟರ್‌ವ್ಯೂನಲ್ಲಿ ಜಾಸ್ತಿ ಮಾತಾಡಿದ್ದು ಆ ರೀಡ್‌ಮಿ ಬಗ್ಗೆಯೇ. ಅನುಭವದ ಸುದ್ದಿ ಯಾರೂ ಎತ್ತಲಿಲ್ಲ.

ಅಕ್ಕಾ, ‘ಸುಮ್ನೆ ಇಷ್ಟೆಲ್ಲ ಬರೆದೆ’ ಅಂತ ಬೈಯುತ್ತೀರಿ ಅಂತ ಗೊತ್ತು. ಬೈಯಿರಿ, ಅಳಿಸಲ್ಲ.

ಇನ್ನೂ ಕೆಲಸ ಹುಡುಕುತ್ತಿರುವವರು ನಿಮ್ಮ ಕೋಡ್ ಕಳಿಸಿ. ರೆಫರಲ್ ಕೊಡುವಷ್ಟು ದೊಡ್ಡವನಾಗಿಲ್ಲ. ಭಾನುವಾರ ಕೂತು ಸಾಲು ಸಾಲು ಓದುತ್ತೇನೆ.