ರೆಕ್ಕೆಗೆ ಒಂದೇ ಜೀನ್ ಎಂಬ ಮಾತು ಸರಿಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ‘ರೆಕ್ಕೆಯ ಜೀನ್’, ‘ಕಣ್ಣಿನ ಜೀನ್’ ಎಂಬ ಮಾತು ಆಗಾಗ ಬರುತ್ತದೆ. ಮುಂಬೈ ಕಾಲೇಜುಗಳಲ್ಲಿ ಓದುವ ನಮ್ಮ ಕನ್ನಡದ ಮಕ್ಕಳೂ ಅದನ್ನೇ ಉರು ಹೊಡೆದು ಬರುತ್ತಾರೆ. ಹಣ್ಣುನೊಣದ ಮೈ ಹಾಗೆ ಕಟ್ಟಿದ್ದಲ್ಲ. ಹೆಡ್ಜ್‌ಹಾಗ್, ವಿಂಗ್‌ಲೆಸ್, ಡಿಪಿಪಿ, ನಾಚ್, ಇಜಿಎಫ್‌ಆರ್ ಮುಂತಾದ, ಜೀವಕೋಶಗಳು ಒಂದಕ್ಕೊಂದು ಮಾತಾಡಲು ಬಳಸುವ ಬೆರಳೆಣಿಕೆಯ ಸಂಕೇತಗಳೇ ಕಣ್ಣು, ಕಾಲು, ರೆಕ್ಕೆ ಎಲ್ಲದರಲ್ಲೂ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತವೆ. ಎಲ್ಲಿ, ಯಾವಾಗ, ಯಾವುದು ಯಾವುದನ್ನು ಎಬ್ಬಿಸಿತು ಅಥವಾ ಅದುಮಿತು ಎನ್ನುವುದೇ ಮುಖ್ಯ.

ಮರಿಹುಳದೊಳಗೆ ರೆಕ್ಕೆಯಿನ್ನೂ ಪುಟ್ಟ ಚಪ್ಪಟೆ ಚೀಲ. ಅದರ ಹಿಂಭಾಗದ ಕೋಶಗಳು ಹೆಡ್ಜ್‌ಹಾಗ್ ಸುರಿಸುತ್ತವೆ, ಓಗೊಡುವುದು ಮಾತ್ರ ಗಡಿಯಾಚೆ ಮುಂಭಾಗದ ಕೋಶಗಳು. ಆ ಕಿರುಪಟ್ಟಿಯಲ್ಲಿ ಡಿಪಿಪಿ ಹುಟ್ಟಿ ಎರಡೂ ಕಡೆಗೆ ಹರಡುತ್ತದೆ. ರೆಕ್ಕೆಯ ಅಂಚಾಗಬೇಕಾದ ಗೆರೆಯಲ್ಲಿ ನಾಚ್ ವಿಂಗ್‌ಲೆಸ್ಸನ್ನು ಎಬ್ಬಿಸುತ್ತದೆ; ವಿಂಗ್‌ಲೆಸ್ ಅಕ್ಕಪಕ್ಕದ ಕೋಶಗಳಲ್ಲಿ ನಾಚನ್ನು ಎಬ್ಬಿಸುವ ಡೆಲ್ಟಾ, ಸೆರೇಟ್‌ಗಳನ್ನು ಹೆಚ್ಚಿಸುತ್ತದೆ; ಅವು ತಿರುಗಿ ನಾಚ್‌ಗೇ ಬಲ ಕೊಡುತ್ತವೆ. ಇಲ್ಲಿ ನಾಚ್, ವಿಂಗ್‌ಲೆಸ್ ಎರಡೂ ಜೊತೆಗಾರರು. ಅದೇ ನಾಚ್, ಅದೇ ರೆಕ್ಕೆಯ ನರಗಳ (ಎಲೆಯ ಮೇಲಿರುವಂಥ ಗೆರೆಗಳು, ಮಿದುಳಿನ ನರಗಳಲ್ಲ) ಬಳಿ ಬೇರೆಯೇ ಪಾತ್ರ ವಹಿಸುತ್ತದೆ. ಇಜಿಎಫ್‌ಆರ್ ಕೋಶಗಳನ್ನು ನರವಾಗಲು ದೂಡಿದರೆ, ನಾಚ್ ಪಕ್ಕದ ಕೋಶಗಳನ್ನು ತಡೆದು ನರವನ್ನು ತೆಳ್ಳಗೆ ಇಡುತ್ತದೆ.

ಅಮೆರಿಕದ ತಳಿವಿಜ್ಞಾನಿ ಮಾರ್ಗನ್ ಅವರ ಬಳಗ 1910ರ ದಶಕದಲ್ಲೇ ಗುರುತಿಸಿದ ನಾಚ್ ತಳಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಾಚ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟ ಹೆಣ್ಣುನೊಣದ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಡಿ. ತುದಿಯ ಅಂಚಿನಲ್ಲಿ ಇಲಿ ಕಡಿದಂಥ ಕಚ್ಚು; ಒಳಗೆ ನರಗಳು ದಪ್ಪ. ಒಂದೇ ಜೀನ್ ಅರ್ಧ ಸೊರಗಿದ್ದಕ್ಕೆ ಒಂದು ಕಡೆ ಅಂಗಾಂಶ ಕಡಿಮೆ, ಇನ್ನೊಂದು ಕಡೆ ನರ ಹೆಚ್ಚು. ‘ರೆಕ್ಕೆಯ ಜೀನ್’ ಎಂದುಬಿಟ್ಟರೆ ಇದನ್ನು ವಿವರಿಸುವುದು ಹೇಗೆ?

ಕೊಲಾಬಾದ ಟಿಐಎಫ್‌ಆರ್, ಪುಣೆಯ ಐಸರ್ ಎಂಬ ಸಂಶೋಧನಾ ಸಂಸ್ಥೆಗಳೆರಡರಲ್ಲೂ ಈ ನೊಣದ ಮೇಲೆ ಕೆಲಸ ನಡೆದಿದೆ. ಅಂಥ ಪ್ರಯೋಗಾಲಯದಿಂದ ತಳಿ ದೊರೆತರೆ ಕಾಲೇಜಿನಲ್ಲೇ ಸಾಕಬಹುದು. ನೊಣದ ಆಹಾರಕ್ಕೆ ಒಂದು ಲೀಟರ್ ನೀರಿಗೆ ಗೋಧಿ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಗಟ್ಟಿಯಾಗಲು ಅಗರ್ 10 ಗ್ರಾಂ ಹಾಕಿ ಗಂಟಾಗದಂತೆ ಕುದಿಸಿ. ಪ್ರೊಪಿಯೋನಿಕ್ ಆಮ್ಲ 7.5 ಮಿ.ಲೀ. ಸೇರಿಸುವುದು ಒಲೆಯಿಂದ ಇಳಿಸಿ ತುಸು ಆರಿದ ಮೇಲೆ. ಕುದಿಯುವಾಗಲೇ ಸುರಿದರೆ ಅದು ಆವಿಯಲ್ಲಿ ಹೋಗಿ, ಮುಂಬೈ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬಾಟಲಿಗೆ ಸುರಿದು, ಬಟ್ಟೆ ಮುಚ್ಚಿ, ಒಳಗೋಡೆಯ ಹನಿ ಪೂರ್ತಿ ಆರಿದ ಮೇಲೆ ನೊಣ ಬಿಡಿ. ಇಲ್ಲದಿದ್ದರೆ ರೆಕ್ಕೆ ಅಂಟಿ ಸಾಯುತ್ತವೆ.

25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಗೂಡಿನಿಂದ (ಪ್ಯೂಪಾ) ಹೊರಬಂದ 8 ಗಂಟೆಯೊಳಗೆ, ಗಂಡಿನ ಜೊತೆ ಕೂಡುವ ಮೊದಲೇ, ಕಚ್ಚುಳ್ಳ ಹೆಣ್ಣುಗಳನ್ನು ಬೇರ್ಪಡಿಸಿ, ಮಾಮೂಲಿ ಗಂಡಿನ ಜೊತೆ ಬಿಡಿ. ಒಂದು ವಾರಕ್ಕೆ ಅಪ್ಪ‑ಅಮ್ಮನನ್ನು ತೆಗೆಯದಿದ್ದರೆ ಎರಡು ತಲೆಮಾರು ಬೆರೆತು ಎಣಿಕೆ ಕೆಡುತ್ತದೆ. ನಾಚ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡಿಗೆ ಎಕ್ಸ್ ಒಂದೇ; ಕೆಟ್ಟ ಪ್ರತಿಯೊಂದೇ ಸಿಕ್ಕ ಗಂಡುಗಳು ಭ್ರೂಣದಲ್ಲೇ ಸಾಯುತ್ತವೆ. ಆದ್ದರಿಂದ ಮರಿಗಳಲ್ಲಿ ಎರಡು ಹೆಣ್ಣಿಗೆ ಒಂದು ಗಂಡು ಸಿಗಬೇಕು. ಮೇ ತಿಂಗಳಲ್ಲಿ ಮಾತ್ರ ಈ ಪ್ರಯೋಗ ಬೇಡ. ಕೋಣೆ 30 ಡಿಗ್ರಿ ದಾಟಿದರೆ ಗಂಡುನೊಣಗಳು ಬರಡಾಗುತ್ತವೆ, ಮೊಟ್ಟೆಗಳು ಒಡೆಯುವುದೇ ಇಲ್ಲ.

ಇಂತಿ,
ಜೀವಶಾಸ್ತ್ರ ಅಧ್ಯಾಪಕರು
ಮಾಟುಂಗಾ, ಮುಂಬೈ