ಕವಿಮನೆಯಲ್ಲಿ ದೊಡ್ಡಹಬ್ಬ ನಡೆಯಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನರು ಬಾಳಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿ ಅವರ ಕಾಲದ ಹಬ್ಬವನ್ನು ನೆನಪಿಸುವ ಆಚರಣೆಗಳು ನಡೆಯುತ್ತವೆ. 1787ರಲ್ಲಿ ಅತಿಥಿಗಳ ಮನರಂಜನೆಗಾಗಿ ಅವರು 18 ಶಿಲಿಂಗ್ ತೆತ್ತು ಒಂಟೆ ತರಿಸಿದ್ದರೆಂಬ ಕಾರಣಕ್ಕೆ ಒಂಟೆಯನ್ನೂ ತಂದು ನಿಲ್ಲಿಸುತ್ತಾರೆ. ನಮಗೆ ಒಂಟೆ ಬೇಕಿಲ್ಲ, ಮಲೆನಾಡು ಗಿಡ್ಡ ತಳಿಯ ಹಸುವೊಂದಿದ್ದರೆ ಸಾಕು.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ, ಈಗ ವಸ್ತುಸಂಗ್ರಹಾಲಯವಾಗಿರುವ ಕವಿಮನೆಯಲ್ಲಿ ಈ ಭಾಗದವರು ದೊಡ್ಡಹಬ್ಬವೆಂದೇ ಕರೆಯುವ ದೀಪಾವಳಿಯನ್ನು ಹಳೆಯ ಕ್ರಮದಲ್ಲಿ ನಡೆಸಿ ನಾಡಿನ ಜನರಿಗೆ ತೋರಿಸಬೇಕೆಂಬುದು ನನ್ನ ವಿನಂತಿ. ಡಿಸೆಂಬರ್ 29ರಂದು ಕುವೆಂಪು ಅವರ ಜನ್ಮದಿನವನ್ನು ಆಚರಿಸುತ್ತೇವೆ. ಅದು ಕವಿಗೆ ಸಲ್ಲುವ ಗೌರವ. ಆದರೆ ಕವಿಯನ್ನು ಬೆಳೆಸಿದ ಆ ಮನೆಯ ಬದುಕು ಎಂಥದೆಂದು ತಿಳಿಯಲು, ಸಾಲಾಗಿ ಇಟ್ಟ ಪಾತ್ರೆ ಪರಡಿಗಳನ್ನೂ ಕೃಷಿ ಉಪಕರಣಗಳನ್ನೂ ನೋಡುವುದಕ್ಕಿಂತ, ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ ಪೂಜಿಸುವುದನ್ನು, ಬಲಿಪಾಡ್ಯಮಿಯಂದು ಹಸುವಿನ ಮೈಮೇಲೆ ಕೆಮ್ಮಣ್ಣಿನ ಅಚ್ಚು ಒತ್ತಿ ಕೊರಳಿಗೆ ಚೆಂಡುಹೂವು, ಅಡಿಕೆಗಳ ಸರ ಕಟ್ಟುವುದನ್ನು ಕಣ್ಣಾರೆ ಕಾಣುವುದು ಹೆಚ್ಚು ಉಪಯುಕ್ತ.

ಎಲ್ಲಕ್ಕಿಂತ ಮುಖ್ಯವಾಗಿ, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ ಪಂಟಿಗೆಯವರನ್ನು ಅಲ್ಲಿಗೆ ಕರೆಸಬೇಕು. ಆರದಂತೆ ಕಾಪಾಡಿಕೊಂಡು ತಂದ ದೀಪದೊಡನೆ ತಂಡದವರು ರಾತ್ರಿ ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡುವುದು, ಮನೆಯಾಕೆ ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ತನ್ನ ಮನೆಯ ಹಣತೆ ಹೊತ್ತಿಸಿಕೊಂಡು, ಅಕ್ಕಿ, ಕಾಯಿ, ಅಡಿಕೆ ಕೊಟ್ಟು ಬೀಳ್ಕೊಡುವುದು ಈ ಸಂಪ್ರದಾಯದ ಜೀವಾಳ. ಇತ್ತೀಚೆಗೆ ಇದನ್ನು ವೇದಿಕೆಯ ಮೇಲೆ ಧ್ವನಿವರ್ಧಕದ ಮುಂದೆ ಹಾಡಿಸುವುದುಂಟು. ಬಾಗಿಲೇ ಇಲ್ಲದ ಕಡೆ ಬಾಗಿಲು ತೆಗೆಸುವ ಪದ ಹಾಡಿದರೆ ಏನು ಚೆಂದ? ಕವಿಮನೆಗೆ ಜಗಲಿಯಿದೆ, ಅಂಗಳವಿದೆ, ಬಾಗಿಲಿದೆ.

ಮರದ ಮನೆಯಲ್ಲಿ ಬೆಂಕಿಯ ಭಯವಿರುವುದು ಸಹಜ. ಆದ್ದರಿಂದ ಎಣ್ಣೆಯ ದೀಪಗಳನ್ನು ಅಂಗಳಕ್ಕಷ್ಟೇ ಸೀಮಿತಗೊಳಿಸಿ, ಉಪ್ಪರಿಗೆಗಳಿಗೆ ಕತ್ತಲಾದ ಮೇಲೆ ಪ್ರವೇಶ ನಿಲ್ಲಿಸಬಹುದು. ಸಂಗ್ರಹದ ಹಳೆಯ ಪಾತ್ರೆಗಳನ್ನು ಮುಟ್ಟದೆ, ಸುತ್ತಲಿನ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಂಡೆ, ತಪ್ಪಲೆಗಳನ್ನೇ ತರಬಹುದು. ಬಣ್ಣಬಣ್ಣದ ವಿದ್ಯುತ್ ದೀಪಗಳ ಸರವನ್ನು ಮಾತ್ರ ಯಾರೂ ದಯವಿಟ್ಟು ಹೆಂಚಿನ ಮಾಡಿಗೆ ಸುತ್ತಬಾರದು.

ಹಬ್ಬದ ದಿನ ಊರಿನವರಿಗೆ ತಮ್ಮ ಮನೆಗಳದೇ ಕೆಲಸವಿರುತ್ತದೆ. ಅಂದು ಅವರನ್ನು ಕರೆದು ತೊಂದರೆ ಕೊಡುವ ಬದಲು, ಮುಂದಿನ ಶನಿವಾರ, ಭಾನುವಾರಗಳಂದು ಇದನ್ನು ಏರ್ಪಡಿಸಿ, ಬರುವ ತಂಡಗಳಿಗೆ ಯೋಗ್ಯ ಸಂಭಾವನೆ ಕೊಡುವ ಬಗ್ಗೆ ಕುವೆಂಪು ಪ್ರತಿಷ್ಠಾನ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಯೋಚಿಸಬೇಕಾಗಿ ಕೋರುತ್ತೇನೆ.

ಇಂತಿ,
ಓರ್ವ ಓದುಗ, ತೀರ್ಥಹಳ್ಳಿ