ಶನಿವಾರದ ಮಾತುಕತೆಗೆ ಮುಂಚೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಈ ಶನಿವಾರದ ವಿಷಯ ಅಮೆರಿಕದ ಬಲಪಂಥೀಯ ರೇಡಿಯೊ. ನಿನ್ನೆ ಗುಂಪಿನಲ್ಲಿ ‘ಇದೆಲ್ಲ ಫಾಕ್ಸ್ ನ್ಯೂಸ್‌ನಿಂದ ಶುರುವಾಯಿತು’ ಅಂತ ಮೂರು ಜನ ಬರೆದಿದ್ದೀರಿ. ಹಾಗಲ್ಲ. ಫಾಕ್ಸ್ ಅನ್ನೋ ಬಲಪಂಥೀಯ ಸುದ್ದಿ ವಾಹಿನಿ ಬಂದಿದ್ದು 1996ರಲ್ಲಿ. ಕಥೆ ಅದಕ್ಕಿಂತ ಹಳೆಯದು.

1949ರಿಂದ ಅಲ್ಲಿ ಒಂದು ನಿಯಮವಿತ್ತು. ವಿವಾದದ ವಿಷಯ ಬಂದರೆ ರೇಡಿಯೊ, ಟಿವಿ ಕೇಂದ್ರಗಳು ಬೇರೆ ಬೇರೆ ಅಭಿಪ್ರಾಯಗಳಿಗೂ ಜಾಗ ಕೊಡಬೇಕು. ಅಧ್ಯಕ್ಷ ರೇಗನ್ ಕಾಲದಲ್ಲಿ, 1987ರಲ್ಲಿ, ಅದನ್ನು ಕೈಬಿಟ್ಟರು. ಮರುವರ್ಷವೇ ಬಲಪಂಥೀಯ ರೇಡಿಯೊ ಮಾತುಗಾರ ರಶ್ ಲಿಂಬಾ ಅವರ ಕಾರ್ಯಕ್ರಮ ದೇಶಾದ್ಯಂತ ಶುರುವಾಯಿತು. ಮಧ್ಯಾಹ್ನ ಮೂರು ಗಂಟೆಗಳ ಕಾಲ ಒಬ್ಬರದೇ ಮಾತು!

ಆದರೆ ನಿಯಮ ಹೋಗಿದ್ದಷ್ಟೇ ಕಾರಣ ಅಂದುಕೊಳ್ಳಬೇಡಿ. ಹಾಡು ಕೇಳುವವರೆಲ್ಲ ಆಗಲೇ ಎಫ್‌ಎಂ ಕಡೆ ಹೋಗಿದ್ದರು. ಎಎಂ ಅಂದರೆ ಹಳೆಯ ಬಗೆಯ ರೇಡಿಯೊ, ಆ ಕೇಂದ್ರಗಳಿಗೆ ಹೊತ್ತು ತುಂಬಿಸಲು ಏನಾದರೂ ಬೇಕಿತ್ತು. ಲಿಂಬಾ ಕಾರ್ಯಕ್ರಮ ದುಡ್ಡಿಲ್ಲದೆ ಸಿಗುತ್ತಿತ್ತು, ಬದಲಿಗೆ ಜಾಹೀರಾತಿನ ಸ್ವಲ್ಪ ಸಮಯ ಬಿಟ್ಟುಕೊಟ್ಟರೆ ಸಾಕು. ಯಾರು ಬೇಡ ಅಂತಾರೆ? ನನಗಂತೂ ರಾಜಕೀಯಕ್ಕಿಂತ ಈ ವ್ಯಾಪಾರದ ಲೆಕ್ಕವೇ ಜಾಸ್ತಿ ಕುತೂಹಲ.

1994ರಲ್ಲಿ ಅಲ್ಲಿನ ಬಲಪಂಥೀಯ ಪಕ್ಷದ ರಿಪಬ್ಲಿಕನ್ನರು 40 ವರ್ಷಗಳ ನಂತರ ಸಂಸತ್ತಿನ ಕೆಳಮನೆ ಗೆದ್ದರು. ಹೊಸ ಸದಸ್ಯರು ಲಿಂಬಾ ಅವರನ್ನು ಗೌರವ ಸದಸ್ಯರೆಂದೇ ಕರೆದರು. ಲಿಂಬಾ 2021ರಲ್ಲಿ ತೀರಿಕೊಂಡರು.

ಅವರ ಮಾತು ಹಲವರಿಗೆ ನೋವು ಕೊಟ್ಟಿದ್ದೂ ನಿಜ, ಲಕ್ಷಾಂತರ ಜನ ‘ನಮ್ಮ ಮನಸ್ಸಿನ ಮಾತು ಹೇಳುವವರು ಸಿಕ್ಕರು’ ಅಂದುಕೊಂಡಿದ್ದೂ ನಿಜ. ಎರಡನ್ನೂ ಮಾತಾಡೋಣ, ಅಲ್ವಾ?

ಅಲ್ಲಿಯವರೆಗೆ ತುಣುಕು ವಿಡಿಯೊಗಳನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಕಳಿಸಲೇಬೇಕಿದ್ದರೆ ಯಾವ ವರ್ಷದ್ದು ಅಂತ ಒಂದು ಸಾಲು ಬರೆಯಿರಿ. ಸಂಜೆ 6ಕ್ಕೆ ಸಿಗೋಣ.